ಕ್ರಿಕೆಟ್ ಶುರುವಿನಿಂದಲೇ ಒಲಿಂಪಿಕ್ಸ್‌ನಲ್ಲಿ ಇದ್ದಿದ್ದರೆ? – ಪದೇ ಪದೇ ಕೇಳುವ ಪ್ರಶ್ನೆಗಳು

ನಾನು 31 ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದೆ. ಮೊದಲು ಕಾರವಾರ, ಆಮೇಲೆ ಸಿರ್ಸಿ. ಶನಿವಾರ ಕೊನೆಯ ಪೀರಿಯಡ್ಡಿನಲ್ಲಿ ಬೋರ್ಡಿನ ಮೇಲೆ ಒಂದು ಉದ್ದ ಗೆರೆ ಎಳೆದು, ನಡುವೆ ಒಂದು ಕವಲು ಒಡೆಸುತ್ತಿದ್ದೆ. "ಇಲ್ಲಿ ಹೀಗಾಗದೆ ಹಾಗಾಗಿದ್ದರೆ?" ಅಂತ ಕೇಳುತ್ತಿದ್ದೆ. ಎಷ್ಟೋ ಕವಲುಗಳನ್ನು ಮಕ್ಕಳು ಮರೆತರು. ಒಲಿಂಪಿಕ್ಸ್ ಕ್ರಿಕೆಟ್‌ನ ಕವಲು ಮಾತ್ರ ಯಾರೂ ಮರೆಯಲಿಲ್ಲ. ಈಗಲೂ ಪೇಟೆಯಲ್ಲಿ ಸಿಕ್ಕವರು ಕೇಳುತ್ತಾರೆ, ಪತ್ರ ಬರೆಯುತ್ತಾರೆ, ಫೋನ್ ಮಾಡುತ್ತಾರೆ. ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ನಡೆದದ್ದು ಯಾವುದು, ಕಲ್ಪನೆ ಯಾವುದು ಅನ್ನುವುದು ಪ್ರತಿ ಉತ್ತರದಲ್ಲೂ ಬೇರೆ ಬೇರೆಯಾಗಿ ಕಾಣುವಂತೆ ನೋಡಿಕೊಂಡಿದ್ದೇನೆ.

## ಮೊದಲು, ನಡೆದ ಕಥೆ

ಅಕ್ಕೋರೇ, ಒಲಿಂಪಿಕ್ಸ್‌ನಲ್ಲಿ ಕ್ರಿಕೆಟ್ ಆಡಿದ್ದು ನಿಜಾನಾ, ಸುಮ್ನೆ ಹೇಳ್ತೀರಾ?

ನಿಜ. 1900ರಲ್ಲಿ, ಪ್ಯಾರಿಸ್ಸಿನಲ್ಲಿ. ಒಂದೇ ಒಂದು ಪಂದ್ಯ. ಅದಕ್ಕೂ ಮೊದಲು 1896ರ ಅಥೆನ್ಸ್ ಒಲಿಂಪಿಕ್ಸ್‌ನ ಪಟ್ಟಿಯಲ್ಲೂ ಕ್ರಿಕೆಟ್ ಇತ್ತು. ಸಾಕಷ್ಟು ತಂಡಗಳು ಹೆಸರು ಕೊಡಲಿಲ್ಲ ಅಂತ ಕೈಬಿಟ್ಟರು. ಪ್ಯಾರಿಸ್ಸಿಗೆ ಬೆಲ್ಜಿಯಂ ಮತ್ತು ನೆದರ್‌ಲ್ಯಾಂಡ್ಸ್ ತಂಡಗಳೂ ಬರಬೇಕಿತ್ತು, ಅವೂ ಹಿಂದೆ ಸರಿದವು. ಉಳಿದದ್ದು ಬ್ರಿಟನ್ ಮತ್ತು ಫ್ರಾನ್ಸ್. ಹಾಗಾಗಿ ಮೊದಲ ಪಂದ್ಯವೇ ಫೈನಲ್.

ಆ ಮ್ಯಾಚಿನಲ್ಲಿ ಏನಾಯ್ತು? ಸ್ಕೋರ್ ಇದ್ರೆ ಹೇಳಿ.

ಇದೆ. ಆಗಸ್ಟ್ 19 ಮತ್ತು 20ರಂದು ವ್ಯಾನ್ಸೆನ್‌ನ ಸೈಕಲ್ ರೇಸ್ ಮೈದಾನದಲ್ಲಿ ಆಟ ನಡೆಯಿತು. ಒಂದೊಂದು ಕಡೆ 12 ಮಂದಿ. ಬ್ರಿಟನ್ ಪರ ಆಡಿದ್ದು ದೇಶದ ದೊಡ್ಡ ಆಟಗಾರರಲ್ಲ, ಡೆವನ್ ಅಂಡ್ ಸೋಮರ್‌ಸೆಟ್ ವಾಂಡರರ್ಸ್ ಅನ್ನುವ ಪ್ರವಾಸಿ ಕ್ಲಬ್ಬು. ಫ್ರಾನ್ಸ್ ಪರ ಆಡಿದವರಲ್ಲಿ ಬಹುಪಾಲು ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ಇಂಗ್ಲಿಷರೇ.

ಬ್ರಿಟನ್ ಮೊದಲು 117, ಆಮೇಲೆ 5 ವಿಕೆಟ್‌ಗೆ 145 ಮಾಡಿ ಡಿಕ್ಲೇರ್ ಮಾಡಿಕೊಂಡಿತು. ಫ್ರಾನ್ಸ್ ಮೊದಲು 78, ಎರಡನೇ ಸಲ ಬರೀ 26. ಮಾಂಟೆಗ್ಯು ಟೋಲರ್ 9 ರನ್ ಕೊಟ್ಟು 7 ವಿಕೆಟ್ ತೆಗೆದರು. ಬ್ರಿಟನ್ 158 ರನ್‌ಗಳಿಂದ ಗೆದ್ದಿತು. ಗೆದ್ದವರಿಗೆ ಬೆಳ್ಳಿ ಪದಕ, ಸೋತವರಿಗೆ ಕಂಚು, ಜೊತೆಗೆ ಪುಟ್ಟ ಪುಟ್ಟ ಐಫೆಲ್ ಗೋಪುರದ ಗೊಂಬೆ.

ಆಡಿದವರಿಗೆ ತಾವು ಒಲಿಂಪಿಕ್ಸ್ ಆಡುತ್ತಿದ್ದೇವೆ ಅನ್ನುವುದೇ ಗೊತ್ತಿರಲಿಲ್ಲ. ಆ ವರ್ಷದ ದೊಡ್ಡ ವಸ್ತುಪ್ರದರ್ಶನದ ಭಾಗವಾಗಿ ಒಂದು ಪಂದ್ಯ ಅಂದುಕೊಂಡಿದ್ದರು. ಅದನ್ನು ಒಲಿಂಪಿಕ್ಸ್ ಪಂದ್ಯ ಅಂತ ಲೆಕ್ಕಕ್ಕೆ ತೆಗೆದುಕೊಂಡದ್ದು 1912ರಲ್ಲಿ. ಆಮೇಲೆ ದಾಖಲೆಯಲ್ಲಿ ಬೆಳ್ಳಿ ಹೋಗಿ ಚಿನ್ನ ಆಯಿತು, ಕಂಚು ಹೋಗಿ ಬೆಳ್ಳಿ ಆಯಿತು.

ಆಮೇಲೆ ಯಾಕೆ ನಿಂತೇ ಹೋಯ್ತು?

ಒಲಿಂಪಿಕ್ಸ್ ನಡೆಸುವವರಿಗೆ ಕ್ರಿಕೆಟ್ ಬೇಡವಾಗಿತ್ತು ಅಂತ ತಿಳಿಯಬೇಡಿ. ಒಲಿಂಪಿಕ್ಸ್ ಮತ್ತೆ ಶುರು ಮಾಡಿದ ಕೂಬರ್ತಾನ್ ಇಂಗ್ಲೆಂಡಿನ ಶಾಲೆಗಳ ಆಟದ ಪದ್ಧತಿಯನ್ನು ತುಂಬ ಮೆಚ್ಚಿಕೊಂಡವರು. ನನ್ನ ಅಭಿಪ್ರಾಯದಲ್ಲಿ ಬೇಡವಾದದ್ದು ಕ್ರಿಕೆಟ್ ನಡೆಸುವವರಿಗೆ. ಅವರ ಕೈಯಲ್ಲಿ ಆಗಲೇ ಕೌಂಟಿ ಪಂದ್ಯಗಳಿದ್ದವು, ಆಸ್ಟ್ರೇಲಿಯಾ ಜೊತೆಗಿನ ಟೆಸ್ಟ್‌ಗಳಿದ್ದವು. 1909ರಲ್ಲಿ ದೇಶ ದೇಶಗಳ ನಡುವಿನ ಕ್ರಿಕೆಟ್ ನೋಡಿಕೊಳ್ಳುವ ಇಂಪೀರಿಯಲ್ ಕ್ರಿಕೆಟ್ ಕಾನ್ಫರೆನ್ಸ್ ಶುರುವಾದಾಗ ಒಳಗಿದ್ದದ್ದು ಮೂರೇ: ಇಂಗ್ಲೆಂಡ್, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ. ಸಾಮ್ರಾಜ್ಯದ ಹೊರಗಿನವರಿಗೆ ಬಾಗಿಲು ತೆರೆದದ್ದು 1965ರಲ್ಲಿ. ಒಲಿಂಪಿಕ್ಸ್ ಊರೆಲ್ಲ ಸೇರುವ ಜಾತ್ರೆ. ಕ್ರಿಕೆಟ್ ಮನೆಯವರು ಮಾತ್ರ ಕೂತು ಉಣ್ಣುವ ಪಂಕ್ತಿಯಾಯಿತು.

ಆಗದೇ ಇರೋದನ್ನ ಯೋಚಿಸಿ ಏನು ಉಪಯೋಗ ತಂಗೀ?

ಇದನ್ನು ಕೇಳಿದವರು ಅಡಿಕೆ ತೋಟದ ಹಿರಿಯರೊಬ್ಬರು. ಅವರಿಗೆ ಕೊಟ್ಟ ಉತ್ತರವನ್ನೇ ಇಲ್ಲೂ ಕೊಡುತ್ತೇನೆ. ತೋಟಕ್ಕೆ ನೀರು ಬರುವ ಕಾಲುವೆಯಲ್ಲಿ ಎಲ್ಲಿ ಒಡ್ಡು ಹಾಕಿದ್ದಾರೆ ಅನ್ನುವುದು ನೀರು ಸುಮ್ಮನೆ ಹರಿಯುವಾಗ ಕಾಣುವುದಿಲ್ಲ. ಬೇರೆ ಕಡೆ ಹರಿಸಬೇಕು ಅಂತ ಹೊರಟಾಗ ಕಾಣುತ್ತದೆ. ಕ್ರಿಕೆಟ್‌ನಲ್ಲಿ ಯಾರನ್ನು ಒಳಗೆ ಬಿಟ್ಟರು, ಯಾರನ್ನು ಹೊರಗೆ ನಿಲ್ಲಿಸಿದರು ಅನ್ನುವುದು ನನಗೆ ನಿಚ್ಚಳವಾಗಿ ಕಂಡದ್ದು ಈ ಕವಲನ್ನು ಬರೆದ ಮೇಲೆಯೇ.

## ಕವಲು ಎಲ್ಲಿ ಒಡೆಯುತ್ತದೆ?

ಯಾವ ವರ್ಷದಿಂದ ಬೇರೆ ಇತಿಹಾಸ ಶುರು ಮಾಡ್ಬೇಕು? 1900 ತಾನೇ?

ಹೆಚ್ಚಿನ ಮಕ್ಕಳು 1900 ಅನ್ನುತ್ತಿದ್ದರು. ಬೆಲ್ಜಿಯಂ, ನೆದರ್‌ಲ್ಯಾಂಡ್ಸ್ ಬಂದಿದ್ದರೆ ಸಾಕಿತ್ತು ಅಂತ. ನನಗೆ ಹಾಗೆ ಅನಿಸುವುದಿಲ್ಲ. ಆ ಪ್ಯಾರಿಸ್ ಕೂಟವೇ ತಿಂಗಳುಗಟ್ಟಲೆ ಎಳೆದ, ಯಾವುದು ಒಲಿಂಪಿಕ್ಸ್ ಯಾವುದು ಪ್ರದರ್ಶನ ಅನ್ನುವುದು ತಿಳಿಯದ ಕೂಟ. ಅಲ್ಲಿ ನಾಲ್ಕು ತಂಡ ಆಡಿದ್ದರೂ ಜನ ಮರೆಯುತ್ತಿದ್ದರು.

ನಾನು ಕವಲು ಇಡುವುದು 1908ರಲ್ಲಿ. ಒಲಿಂಪಿಕ್ಸ್ ನಡೆದದ್ದು ಲಂಡನ್ನಿನಲ್ಲಿ, ಕ್ರಿಕೆಟ್‌ನ ಮನೆಯಂಗಳದಲ್ಲೇ. ಅದೇ ಬೇಸಿಗೆಯಲ್ಲಿ ಅಮೆರಿಕದ ಫಿಲಡೆಲ್ಫಿಯಾ ತಂಡ ಇಂಗ್ಲೆಂಡಿನಲ್ಲಿ ಪ್ರವಾಸ ಮಾಡುತ್ತಿತ್ತು. ಅಂದರೆ ಹಡಗಿನ ಟಿಕೆಟ್ಟು, ಊಟ, ವಸತಿ ಎಲ್ಲ ಆಗಿತ್ತು. ಒಂದು ವಾರ ಬಿಡುವು ಮಾಡಿಕೊಂಡು ಒಂದು ಪದಕ ಇಟ್ಟಿದ್ದರೆ ಮುಗಿಯುತ್ತಿತ್ತು. ಇದು ಬರೀ ಆಸೆಯ ಮಾತಲ್ಲ. ರಗ್ಬಿಯಲ್ಲಿ ಸರಿಯಾಗಿ ಇದೇ ನಡೆಯಿತು. ಆ ವರ್ಷ ಬ್ರಿಟನ್ನಿಗೆ ಪ್ರವಾಸ ಬಂದಿದ್ದ ಆಸ್ಟ್ರೇಲಿಯಾ ರಗ್ಬಿ ತಂಡ ಒಲಿಂಪಿಕ್ಸ್‌ನಲ್ಲೂ ಆಡಿ, ಕಾರ್ನ್‌ವಾಲ್ ತಂಡವನ್ನು 32–3ರಿಂದ ಸೋಲಿಸಿ ಚಿನ್ನ ಒಯ್ದಿತು. ಒಂದೇ ಪಂದ್ಯ, ಒಂದು ಚಿನ್ನ. ಕ್ರಿಕೆಟ್‌ಗೆ ಅಷ್ಟು ಮಾಡುವುದು ಕಷ್ಟವಿರಲಿಲ್ಲ, ಅಲ್ವಾ?

ಅಮೆರಿಕದವರು ಕ್ರಿಕೆಟ್ ಆಡ್ತಿದ್ರಾ? ಅವರದ್ದು ಬೇಸ್‌ಬಾಲ್ ಅಲ್ವಾ?

ಆಡುತ್ತಿದ್ದರು, ಚೆನ್ನಾಗಿಯೇ ಆಡುತ್ತಿದ್ದರು. ಎರಡು ದೇಶಗಳ ನಡುವೆ ನಡೆದ ಮೊದಲ ಕ್ರಿಕೆಟ್ ಪಂದ್ಯವೇ ಅಮೆರಿಕ ಮತ್ತು ಕೆನಡಾದ್ದು. 1844ರಲ್ಲಿ, ನ್ಯೂಯಾರ್ಕಿನಲ್ಲಿ. ಇಂಗ್ಲೆಂಡ್–ಆಸ್ಟ್ರೇಲಿಯಾ ಮೊದಲ ಟೆಸ್ಟ್‌ಗಿಂತ 33 ವರ್ಷ ಮೊದಲು. 1893ರಲ್ಲಿ ಫಿಲಡೆಲ್ಫಿಯಾದವರು ಆಸ್ಟ್ರೇಲಿಯಾದ ಪ್ರವಾಸಿ ತಂಡವನ್ನೇ ಸೋಲಿಸಿದ್ದರು. ಅವರ ಬೌಲರ್ ಬಾರ್ಟ್ ಕಿಂಗ್ 1908ರಲ್ಲಿ ಇಂಗ್ಲೆಂಡಿಗೆ ಹೋಗಿ, ಅಲ್ಲಿನ ಬೌಲರ್‌ಗಳನ್ನೆಲ್ಲ ಹಿಂದೆ ಹಾಕಿ ಆ ಋತುವಿನ ಸರಾಸರಿ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದರು. ಅದೇ ಒಲಿಂಪಿಕ್ಸ್ ವರ್ಷ!

ನನ್ನ ಕಲ್ಪನೆಯಲ್ಲಿ ಆ ವರ್ಷ ಅಮೆರಿಕಕ್ಕೆ ಕ್ರಿಕೆಟ್‌ನಲ್ಲಿ ಒಂದು ಪದಕ ಸಿಗುತ್ತದೆ. ಬೇಸ್‌ಬಾಲ್ ಅದರಿಂದ ಸಾಯುವುದಿಲ್ಲ. ಆದರೆ ಒಲಿಂಪಿಕ್ ಪದಕ ಅಂದರೆ ಅಮೆರಿಕದ ಕಾಲೇಜುಗಳಿಗೆ ದೊಡ್ಡ ಮಾತು. ನಾಲ್ಕು ವರ್ಷಕ್ಕೊಮ್ಮೆ ಆಡಲಿಕ್ಕೆ ಒಂದು ಕಾರಣ ಸಿಗುತ್ತಿತ್ತು. ನಿಜದಲ್ಲಿ ಅವರಿಗೆ ಆ ಕಾರಣವೇ ಸಿಗಲಿಲ್ಲ. ಮರುವರ್ಷ ಕಾನ್ಫರೆನ್ಸ್ ಕಟ್ಟಿದಾಗ ಅವರನ್ನು ಕರೆಯಲೂ ಇಲ್ಲ.

ಐದು ದಿನದ ಆಟ ಒಲಿಂಪಿಕ್ಸ್‌ಗೆ ಹೇಗೆ ಹೊಂದ್ತಿತ್ತು?

ಹೊಂದುತ್ತಿರಲಿಲ್ಲ. ಅದಕ್ಕೇ ಈ ಕವಲು ಇಷ್ಟು ರುಚಿಯಾಗಿರುವುದು.

ಆಗ ಐದು ದಿನ ಅನ್ನುವ ಕಟ್ಟೂ ಎಲ್ಲ ಕಡೆ ಇರಲಿಲ್ಲ. ಫಲಿತಾಂಶ ಬರುವ ತನಕ ಆಡುವ ಟೆಸ್ಟ್‌ಗಳಿದ್ದವು. 1939ರ ಮಾರ್ಚಿನಲ್ಲಿ ಡರ್ಬನ್ನಿನಲ್ಲಿ ನಡೆದ ಪಂದ್ಯ ನೋಡಿ. 3ನೇ ತಾರೀಖು ಶುರುವಾದದ್ದು 14ರವರೆಗೂ ಎಳೆಯಿತು. ಇಂಗ್ಲೆಂಡಿಗೆ ಗೆಲ್ಲಲು 696 ಬೇಕಿತ್ತು, 5 ವಿಕೆಟ್‌ಗೆ 654 ಆಗಿತ್ತು. ಅಷ್ಟರಲ್ಲಿ ಮಳೆ ಬಂತು. ಊರಿಗೆ ಹೋಗುವ ಹಡಗು ತಪ್ಪುತ್ತದೆ ಅಂತ ಪಂದ್ಯವನ್ನೇ ಬಿಟ್ಟು ಹೊರಟರು. ಹಡಗಿನ ಹೊತ್ತಿಗೆ ತಕ್ಕಂತೆ ಬದುಕಿದ ಕಾರವಾರದ ಹಳಬರಿಗೆ ಈ ಕಥೆ ಹೇಳಿದರೆ ತಟ್ಟನೆ ಅರ್ಥವಾಗುತ್ತದೆ.

ಒಲಿಂಪಿಕ್ಸ್‌ನಲ್ಲಿ ಇಂಥದ್ದು ನಡೆಯದು. ಆರು ತಂಡ ಬಂದರೆ ಎರಡು ವಾರದಲ್ಲಿ ಮುಗಿಸಬೇಕು. ಹಾಗಾಗಿ ಒಂದೇ ದಿನದ ಆಟ, ಒಂದೊಂದೇ ಇನ್ನಿಂಗ್ಸ್, ಇಷ್ಟೇ ಓವರ್ ಅನ್ನುವ ನಿಯಮ 1908ರಲ್ಲೋ 1912ರಲ್ಲೋ ಬಂದೇ ಬರುತ್ತಿತ್ತು. ನಿಜದ ಇತಿಹಾಸದಲ್ಲಿ ಇಂಗ್ಲೆಂಡಿನ ಕೌಂಟಿಗಳು ಓವರ್ ಲೆಕ್ಕದ ಟೂರ್ನಿ ಆಡಿದ್ದು 1963ರಲ್ಲಿ. ಮೊದಲ ಅಂತರರಾಷ್ಟ್ರೀಯ ಏಕದಿನ ಪಂದ್ಯ 1971ರಲ್ಲಿ. ಟಿ20 ಬಂದದ್ದು 2003ರಲ್ಲಿ. ನಮ್ಮ ಕವಲಿನಲ್ಲಿ ಅದೆಲ್ಲ ಅರ್ಧ ಶತಮಾನ ಮೊದಲೇ.

ಆಟ ಚಿಕ್ಕದಾದರೆ ಕೆಟ್ಟುಹೋಗುತ್ತದೆ ಅನ್ನುವವರಿಗೆ ನಮ್ಮ ಕರಾವಳಿ ತೋರಿಸುತ್ತೇನೆ. ಕೊಯ್ಲಾದ ಗದ್ದೆಯಲ್ಲಿ ಟೆನಿಸ್ ಬಾಲ್ ಟೂರ್ನಮೆಂಟು. ಆರು ಓವರ್, ಎಂಟು ಓವರ್. ರಾತ್ರಿ ಹೊನಲು ಬೆಳಕಿನಲ್ಲಿ ಅಂಡರ್ ಆರ್ಮ್ ಪಂದ್ಯ, ಕಾಮೆಂಟ್ರಿ ಮೈಕು, ಊರೆಲ್ಲ ಅಲ್ಲೇ. ಕಡಲತೀರದಲ್ಲಿ ನೀರು ಇಳಿದ ಹೊತ್ತಿಗೆ ಗಟ್ಟಿ ಮರಳಿನ ಮೇಲೆ ಆಡುತ್ತಾರೆ, ಭರತ ಬಂದರೆ ಪಂದ್ಯ ಮುಗಿಯಿತು. ಜಾಗ ಎಷ್ಟಿದೆ, ಹೊತ್ತು ಎಷ್ಟಿದೆ ನೋಡಿಕೊಂಡು ಆಟವನ್ನು ಹೊಂದಿಸಿಕೊಳ್ಳುವುದು ನಮ್ಮ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಸ್ಟಾಕ್‌ಹೋಮ್, ಆಂಟ್ವರ್ಪ್ ಅಂಥ ಊರುಗಳಲ್ಲಿ ಪಿಚ್ ಎಲ್ಲಿತ್ತು?

ಹುಲ್ಲುಗಾವಲಿನ ಮೇಲೆ ನಾರಿನ ಚಾಪೆ ಹಾಸಿದರೆ ಪಿಚ್. ನಮ್ಮ ದೇಶದಲ್ಲೂ ಎಷ್ಟೋ ಕಡೆ ಬಹಳ ಕಾಲ ಮ್ಯಾಟಿನ ಮೇಲೆಯೇ ಆಡುತ್ತಿದ್ದರು. ಇದು ದೊಡ್ಡ ತೊಡಕಲ್ಲ.

## ನಮ್ಮವರ ಪಾಲು

ಆಗ ನಮಗೆ ಸ್ವಾತಂತ್ರ್ಯ ಇರ್ಲಿಲ್ಲ. ಭಾರತದ ತಂಡ ಅಂತ ಹೋಗ್ಲಿಕ್ಕೆ ಬಿಡ್ತಿದ್ರಾ?

ಬಿಡುತ್ತಿದ್ದರು. 1900ರ ಅದೇ ಪ್ಯಾರಿಸ್ಸಿನಲ್ಲಿ ಕಲ್ಕತ್ತೆಯ ನಾರ್ಮನ್ ಪ್ರಿಚರ್ಡ್ ಓಟದಲ್ಲಿ ಎರಡು ಬೆಳ್ಳಿ ಗೆದ್ದರು, ಅವು ಭಾರತದ ಹೆಸರಿನಲ್ಲೇ ದಾಖಲಾಗಿವೆ. 1920ರಲ್ಲಿ ದೊರಾಬ್ಜಿ ಟಾಟಾ ಮುಂದೆ ನಿಂತು ಒಂದು ಪುಟ್ಟ ತಂಡವನ್ನು ಆಂಟ್ವರ್ಪ್‌ಗೆ ಕಳಿಸಿದರು. ಅದರಲ್ಲಿ ನಮ್ಮ ಬೆಳಗಾವಿ ಕಡೆಯ ಫಡೆಪ್ಪ ಚೌಗುಲೆ ಇದ್ದರು, ಮ್ಯಾರಥಾನ್ ಓಡಿದರು. 1928ರಲ್ಲಿ ಹಾಕಿ ತಂಡ ಚಿನ್ನವನ್ನೇ ತಂದಿತು.

ಕ್ರಿಕೆಟ್‌ನಲ್ಲೂ ಹಾದಿ ಸಿದ್ಧವಿತ್ತು. ಪಾರ್ಸಿಗಳ ತಂಡ 1886 ಮತ್ತು 1888ರಲ್ಲೇ ಇಂಗ್ಲೆಂಡಿಗೆ ಹೋಗಿ ಬಂದಿತ್ತು. 1911ರಲ್ಲಿ ಹಿಂದೂ, ಪಾರ್ಸಿ, ಮುಸ್ಲಿಂ ಆಟಗಾರರೆಲ್ಲ ಸೇರಿದ ಮೊದಲ ಭಾರತ ತಂಡ ಪಟಿಯಾಲ ಮಹಾರಾಜ ಭೂಪಿಂದರ್ ಸಿಂಗರ ನಾಯಕತ್ವದಲ್ಲಿ ಇಂಗ್ಲೆಂಡ್ ಸುತ್ತಿತು. ಅಧಿಕೃತ ಟೆಸ್ಟ್ ಸಿಕ್ಕಿದ್ದು 21 ವರ್ಷ ಕಾದ ಮೇಲೆ, 1932ರ ಜೂನಿನಲ್ಲಿ ಲಾರ್ಡ್ಸ್ ಮೈದಾನದಲ್ಲಿ. ನನ್ನ ಕವಲಿನಲ್ಲಿ ಆ 21 ವರ್ಷದ ಕಾಯುವಿಕೆ ಇಲ್ಲ. 1912ರ ಸ್ಟಾಕ್‌ಹೋಮ್‌ಗೆ ಅದೇ ತಂಡ ಹೋಗುತ್ತದೆ.

ಕಾರವಾರದ ಹುಡುಗನಿಗೆ ಇದರಲ್ಲಿ ಏನು ಬಂತು?

ಬಹಳ ಬಂತು. ನಮ್ಮ ಜಿಲ್ಲೆ 1862ರಿಂದ 1956ರವರೆಗೆ ಮುಂಬೈ ಆಡಳಿತಕ್ಕೆ ಸೇರಿತ್ತು. ಕಾರವಾರದ ಕಣ್ಣು ಬೆಂಗಳೂರಿನ ಕಡೆ ಇರಲಿಲ್ಲ, ಸಮುದ್ರದ ಹಾದಿ ಹಿಡಿದು ಮುಂಬೈ ಕಡೆ ಇತ್ತು. ಆ ಮುಂಬೈಯೇ ಭಾರತದ ಕ್ರಿಕೆಟ್‌ನ ತವರು. ಯುರೋಪಿಯನ್ನರು, ಪಾರ್ಸಿಗಳು ಎದುರುಬದುರಾಗಿ ಆಡುತ್ತಿದ್ದ ಪಂದ್ಯಗಳಿಗೆ 1907ರಲ್ಲಿ ಹಿಂದೂಗಳ ತಂಡ ಸೇರಿತು, 1912ರಲ್ಲಿ ಮುಸ್ಲಿಮರ ತಂಡ. ಕೆಲಸಕ್ಕೋ ಓದಿಗೋ ಮುಂಬೈ ಸೇರಿದ ನಮ್ಮ ಕಡೆಯ ಹುಡುಗರು ಆ ಪಂದ್ಯ ನೋಡಲು ದೂರ ಹೋಗಬೇಕಾಗಿರಲಿಲ್ಲ.

ಒಲಿಂಪಿಕ್ಸ್ ತಂಡವನ್ನು ಆರಿಸುವುದಾದರೆ ಈ ಪಂದ್ಯಗಳಿಂದಲೇ ಆರಿಸಬೇಕಿತ್ತು. ಆದರೆ ಧರ್ಮದ ಲೆಕ್ಕದಲ್ಲಿ ಕಟ್ಟಿದ ತಂಡಗಳನ್ನು ಒಲಿಂಪಿಕ್ಸ್‌ಗೆ ಕಳಿಸಲಾಗದು, ದೇಶಕ್ಕೆ ಒಂದೇ ತಂಡ. ಈ ಒಂದು ನಿಯಮ ಮುಂಬೈ ಕ್ರಿಕೆಟ್‌ನ ಹಾದಿಯನ್ನೇ ತಿರುಗಿಸುತ್ತಿತ್ತು ಅಂತ ನನ್ನ ನಂಬಿಕೆ. ನಿಜದಲ್ಲಿ ಆ ಕೋಮುವಾರು ಪಂದ್ಯಗಳು 1946ರವರೆಗೂ ಎಳೆದವು.

ಬಾಳೂ ಒಲಿಂಪಿಕ್ಸ್ ಆಡ್ತಿದ್ರಾ ಅಕ್ಕೋರೇ?

ಈ ಪ್ರಶ್ನೆ ಬಂದಾಗೆಲ್ಲ ನಾನು ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೇನೆ. ಇಲ್ಲೂ ಅಷ್ಟೇ.

ಪಾಳವಣಕರ ಬಾಳೂ ಹುಟ್ಟಿದ್ದು 1876ರಲ್ಲಿ, ಧಾರವಾಡದಲ್ಲಿ. ಸಿರ್ಸಿಯಿಂದ ಬಸ್ಸಿಗೆ ಕೂತರೆ ಮಧ್ಯಾಹ್ನದ ಊಟಕ್ಕೆ ಮುಟ್ಟಬಹುದಾದ ಊರು. ಬೆಳೆದದ್ದು ಪುಣೆಯಲ್ಲಿ. ಚಮ್ಮಾರ ಜಾತಿಯಲ್ಲಿ ಹುಟ್ಟಿದ ಹುಡುಗ. ಪುಣೆಯ ಕ್ಲಬ್ಬಿನ ಮೈದಾನದಲ್ಲಿ ತಿಂಗಳಿಗೆ ಮೂರು ನಾಲ್ಕು ರೂಪಾಯಿ ಸಂಬಳಕ್ಕೆ ಪಿಚ್ ಉರುಳಿಸುವ, ಗುಡಿಸುವ, ನೆಟ್ ಕಟ್ಟುವ ಕೆಲಸ. ಇಂಗ್ಲಿಷ್ ಆಟಗಾರರಿಗೆ ಅಭ್ಯಾಸಕ್ಕಾಗಿ ಬೌಲ್ ಮಾಡುತ್ತ ಮಾಡುತ್ತ ಎಡಗೈ ಸ್ಪಿನ್ ಕಲಿತರು. ಗ್ರೇಗ್ ಅನ್ನುವ ಆಟಗಾರ ತನ್ನನ್ನು ಔಟ್ ಮಾಡಿದಾಗೆಲ್ಲ ಎಂಟಾಣೆ ಕೊಡುತ್ತಿದ್ದರಂತೆ. ಆ ಇಂಗ್ಲಿಷರು ಗಂಟೆಗಟ್ಟಲೆ ಬೌಲ್ ಮಾಡಿಸಿಕೊಂಡರೇ ಹೊರತು ಬ್ಯಾಟು ಹಿಡಿಯಲು ಬಿಡಲಿಲ್ಲ.

ಹಿಂದೂಗಳ ತಂಡಕ್ಕೆ ಬೌಲರ್ ಬೇಕಾದಾಗ ಇವರನ್ನು ಸೇರಿಸಿಕೊಂಡರು. ಮೈದಾನದಲ್ಲಿ ಅದೇ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಚಹಾದ ಹೊತ್ತಿಗೆ ಮಾತ್ರ ಬಾಳೂ ಪೆವಿಲಿಯನ್ನಿನ ಹೊರಗೆ ಕೂರಬೇಕು, ಅವರಿಗೆ ಬೇರೆ ಮಣ್ಣಿನ ಲೋಟ. ಅಂಥವರು 1906ರಲ್ಲಿ ಹಿಂದೂಗಳ ತಂಡ ಯುರೋಪಿಯನ್ನರನ್ನು ಸೋಲಿಸುವಂತೆ ಮಾಡಿದರು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ತೆಗೆದರು. ಆ ತಂಡ ಸೋತ ಪಂದ್ಯಗಳೇ ಹೆಚ್ಚು, ಆದರೂ ಲೀಸ್ಟರ್‌ಶೈರ್ ಮತ್ತು ಸೋಮರ್‌ಸೆಟ್ ತಂಡಗಳನ್ನು ಸೋಲಿಸಿತು. ಸೋಮರ್‌ಸೆಟ್ ಹೆಸರು ನೆನಪಿರಲಿ. ಪ್ಯಾರಿಸ್ಸಿನಲ್ಲಿ ಒಲಿಂಪಿಕ್ಸ್ ಗೆದ್ದವರಲ್ಲಿ ಟೋಲರ್ ಮತ್ತು ಬವರ್‌ಮನ್ ಇಬ್ಬರೂ ಸೋಮರ್‌ಸೆಟ್ ಪರ ಆಡಿದವರು.

ಹಾಗಾದರೆ ಒಲಿಂಪಿಕ್ಸ್ ಆಡುತ್ತಿದ್ದರೇ? ಆಟದ ಬಲದ ಮೇಲೆ ಕೇಳಿದರೆ ಖಂಡಿತ. ಆದರೆ ಒಲಿಂಪಿಕ್ಸ್‌ಗೆ ಒಂದು ಬೇಲಿ ಇತ್ತು. ಆಟದಿಂದ ದುಡ್ಡು ಮುಟ್ಟಿದವರು ಒಳಗೆ ಬರುವ ಹಾಗಿಲ್ಲ. ಹವ್ಯಾಸಕ್ಕೆ ಆಡುವವರು ಮಾತ್ರ. 1912ರಲ್ಲಿ ಎರಡು ಚಿನ್ನ ಗೆದ್ದ ಅಮೆರಿಕದ ಮೂಲನಿವಾಸಿ ಜಿಮ್ ಥೋರ್ಪ್ ಹಿಂದೊಮ್ಮೆ ಬೇಸ್‌ಬಾಲ್ ಆಡಿ ಸ್ವಲ್ಪ ಹಣ ಪಡೆದಿದ್ದರು ಅಂತ ಮರುವರ್ಷ ಪದಕ ಕಿತ್ತುಕೊಂಡರು. ಇಂಗ್ಲೆಂಡಿನ ಕ್ರಿಕೆಟ್‌ನಲ್ಲೂ ಇದೇ ಭೇದ. ಹಣವಿದ್ದವರು 'ಜೆಂಟಲ್‌ಮನ್', ಕೂಲಿಗೆ ಆಡುವವರು 'ಪ್ಲೇಯರ್'. ಬೇರೆ ಬೇರೆ ಬಾಗಿಲಿನಿಂದ ಮೈದಾನಕ್ಕೆ ಇಳಿಯುತ್ತಿದ್ದರು. ಅದು ಹೋದದ್ದು 1962ರಲ್ಲಿ.

ಈಗ ಬಾಳೂ ಅವರ ಆ ಎಂಟಾಣೆ ನೆನಪಿಸಿಕೊಳ್ಳಿ. ಮೈದಾನದ ಸಂಬಳ ನೆನಪಿಸಿಕೊಳ್ಳಿ. ಸ್ವಂತ ಊರಿನಲ್ಲಿ ಜಾತಿ ಅಂತ ಹೊರಗೆ ಕೂರಿಸಿದರು. ಒಲಿಂಪಿಕ್ಸ್‌ನ ಮೇಜಿನ ಮುಂದೆ ನಿಂತಿದ್ದರೆ ಕೂಲಿಯಾಳು ಅಂತ ಹೊರಗೆ ಕಳಿಸಬಹುದಿತ್ತು. ಮಹಾರಾಜರಿಗೆ ಆ ಬೇಲಿ ಕಾಣುವುದೇ ಇಲ್ಲ.

ನನ್ನ ಕವಲಿನಲ್ಲಿ ಬಾಳೂ ಆಡುತ್ತಾರೆ. ಅದಕ್ಕೆ ಒಂದು ಆಧಾರವಿದೆ. ಮುಂಬೈಗೆ ಹೋದ ಮೇಲೆ ಅವರಿಗೆ ರೈಲ್ವೆಯಲ್ಲಿ ಕೆಲಸ ಸಿಕ್ಕಿತ್ತು. ಮುಂದೆ ಸೈನ್ಯದಲ್ಲಿದ್ದ ಧ್ಯಾನ್‌ಚಂದರನ್ನು ಹವ್ಯಾಸಿ ಅಂತಲೇ ಒಪ್ಪಿದರು, ಯಾಕೆಂದರೆ ಸಂಬಳ ಹಾಕಿಗಲ್ಲ, ಸಿಪಾಯಿ ಕೆಲಸಕ್ಕೆ. ಅದೇ ದಾರಿ ಬಾಳೂ ಅವರಿಗೂ ಇತ್ತು. ಆದರೆ ಯಾರಾದರೂ ಪುಣೆಯ ಹಳೆಯ ಲೆಕ್ಕ ತೆಗೆದು ತೋರಿಸಿದ್ದರೆ? ಈ ಭಯವನ್ನು ಬಿಟ್ಟು ಬರೆದ ಕಲ್ಪನೆ ಪ್ರಾಮಾಣಿಕ ಅಲ್ಲ ಅಂತ ನಾನು ಮಕ್ಕಳಿಗೆ ಹೇಳುತ್ತಿದ್ದೆ.

ಕ್ರಿಕೆಟ್ ಬಂದ್ರೆ ನಮ್ಮ ಹಾಕಿ ಚಿನ್ನ ತಪ್ಪಿ ಹೋಗ್ತಿತ್ತಾ?

ನನಗೆ ಹಾಗನಿಸುವುದಿಲ್ಲ. 1928, 1932, 1936ರ ಹಾಕಿ ಚಿನ್ನ ಗೆದ್ದವರು ಸೈನ್ಯ, ರೈಲ್ವೆ, ಕಾಲೇಜುಗಳಿಂದ ಬಂದವರು. ಕ್ರಿಕೆಟ್‌ಗೆ ಹಣ ಹಾಕುತ್ತಿದ್ದವರು ರಾಜಮಹಾರಾಜರು. ಎರಡರ ಬೇರು ಬೇರೆ ಬೇರೆ. ಆದರೆ 1948ರ ಆಗಸ್ಟ್ 12ರಂದು ವೆಂಬ್ಲಿಯಲ್ಲಿ ಬ್ರಿಟನ್ನನ್ನು 4–0 ಅಂತರದಲ್ಲಿ ಸೋಲಿಸಿ ಸ್ವತಂತ್ರ ಭಾರತ ಹಾಕಿ ಚಿನ್ನ ಗೆದ್ದಿತಲ್ಲ, ಅದೇ ವಾರ ಲಾರ್ಡ್ಸ್‌ನಲ್ಲಿ ಒಂದು ಕ್ರಿಕೆಟ್ ಫೈನಲ್ಲೂ ಇದ್ದಿದ್ದರೆ ಅಂತ ನೆನೆದರೆ ಮೈ ಜುಂ ಅನ್ನುತ್ತದೆ.

ಹುಡುಗಿಯರಿಗೂ ಒಲಿಂಪಿಕ್ಸ್ ಕ್ರಿಕೆಟ್ ಬೇಗ ಸಿಗ್ತಿತ್ತಾ?

ಬೇಗ ಅನ್ನುವುದು ನನಗೆ ಅನುಮಾನ. 1900ರ ಪ್ಯಾರಿಸ್ಸಿನಲ್ಲೇ ಹೆಂಗಸರು ಟೆನಿಸ್ ಆಡಿದ್ದರು ನಿಜ. ಆದರೆ ಓಟಕ್ಕೆ ಅವಕಾಶ ಸಿಕ್ಕಿದ್ದು 1928ರಲ್ಲಿ, ಮಹಿಳಾ ಹಾಕಿ ಬಂದದ್ದು 1980ರಲ್ಲಿ. ಕ್ರಿಕೆಟ್‌ಗೂ ಹಾಗೇ ಆಗುತ್ತಿತ್ತೇನೋ. ಹೆಂಗಸರು ಮಾತ್ರ ತಯಾರಿದ್ದರು. ಅವರ ಮೊದಲ ಟೆಸ್ಟ್ 1934ರ ಡಿಸೆಂಬರಿನಲ್ಲಿ ಬ್ರಿಸ್ಬೇನ್‌ನಲ್ಲಿ ನಡೆಯಿತು. ಅವರ ವಿಶ್ವಕಪ್ 1973ರಲ್ಲಿ ಶುರುವಾಯಿತು, ಗಂಡಸರದ್ದಕ್ಕಿಂತ ಎರಡು ವರ್ಷ ಮೊದಲು. 1976ರಲ್ಲಿ ನಮ್ಮ ಕರ್ನಾಟಕದ ಶಾಂತಾ ರಂಗಸ್ವಾಮಿ ಭಾರತದ ಮೊದಲ ಮಹಿಳಾ ಟೆಸ್ಟ್ ತಂಡದ ನಾಯಕಿಯಾದರು.

ನಾನು ಓದಿದ ಶಾಲೆಯಲ್ಲಿ ಹುಡುಗರು ಆಡುವಾಗ ನನಗೆ ಕೊಟ್ಟದ್ದು ಸ್ಕೋರ್ ಪುಸ್ತಕ. "ನಿನ್ನ ಅಕ್ಷರ ಚೆಂದ" ಅಂದರು. ಮೂರು ವರ್ಷ ಬೇರೆಯವರ ರನ್ ಬರೆದೆ. ಬ್ಯಾಟು ಯಾರೂ ಕೊಡಲಿಲ್ಲ. ಮನೆಯ ಹಿಂದೆ ತೆಂಗಿನ ಮಡಲಿನ ದಿಂಡನ್ನು ಕೆತ್ತಿ ತಮ್ಮನ ಜೊತೆ ಆಡಿದೆ. ಒಂದು ಒಲಿಂಪಿಕ್ಸ್ ಚಿತ್ರದಲ್ಲಿ ಬ್ಯಾಟು ಹಿಡಿದ ಹೆಂಗಸು ಕಂಡಿದ್ದರೆ ಮನೆಯಲ್ಲಿ, ಶಾಲೆಯಲ್ಲಿ ತೋರಿಸಲಿಕ್ಕೆ ನನ್ನ ಕೈಯಲ್ಲಿ ಏನಾದರೂ ಇರುತ್ತಿತ್ತು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಹುಡುಗಿಯರು ಚಿನ್ನ ಗೆದ್ದರು. ಆ ತಂಡದಲ್ಲಿ ವಿಜಯಪುರದ ರಾಜೇಶ್ವರಿ ಗಾಯಕ್ವಾಡ್ ಇದ್ದರು. ಆ ಸಂಜೆ ನಾನು ಹಳೆಯ ವಿದ್ಯಾರ್ಥಿನಿಯರಿಗೆಲ್ಲ ಫೋನ್ ಮಾಡಿದೆ.

## ಸ್ವಲ್ಪ ಕಷ್ಟದ ಪ್ರಶ್ನೆಗಳು

ರಗ್ಬಿ ಇತ್ತು, ಹೋಯ್ತು. ಟೆನಿಸ್ ಇತ್ತು, ಹೋಯ್ತು. ಕ್ರಿಕೆಟ್ ಮಾತ್ರ ಹೇಗೆ ಉಳೀತಿತ್ತು?

ಇಷ್ಟು ಒಳ್ಳೆಯ ಪ್ರಶ್ನೆಯನ್ನು ಕುಮಟಾದ ಒಬ್ಬ ಹುಡುಗ ಕೇಳಿದ. ನನ್ನ ಕವಲನ್ನೇ ತಿದ್ದಬೇಕಾಯಿತು.

ರಗ್ಬಿ 1900, 1908, 1920, 1924ರಲ್ಲಿ ಇತ್ತು. ಕೊನೆಯ ಎರಡು ಸಲ ಅಮೆರಿಕವೇ ಚಿನ್ನ ಗೆದ್ದಿತು. ಆದರೂ ಕೈಬಿಟ್ಟರು. ವಾಪಸ್ ಬಂದದ್ದು 2016ರಲ್ಲಿ, ಏಳು ಜನರ ಚಿಕ್ಕ ಆಟವಾಗಿ. ಟೆನಿಸ್ 1924ರ ನಂತರ ಹೋದದ್ದು 1988ರವರೆಗೂ ಬರಲಿಲ್ಲ. ಅಲ್ಲೂ ಯಾರು ಹವ್ಯಾಸಿ, ಯಾರು ಅಲ್ಲ ಅನ್ನುವ ಜಗಳ ದೊಡ್ಡದಿತ್ತು. ಫುಟ್‌ಬಾಲ್‌ನಲ್ಲೂ ಅದೇ ಜಗಳ. 1930ರಲ್ಲಿ ಉರುಗ್ವೆಯಲ್ಲಿ ವಿಶ್ವಕಪ್ ಶುರುವಾಯಿತು, 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಫುಟ್‌ಬಾಲೇ ಇರಲಿಲ್ಲ.

ತಂಡ ಕಡಿಮೆ ಅನ್ನುವುದು ಮಾತ್ರ ಕೊಲ್ಲುವ ಕಾರಣವಲ್ಲ. 1932ರಲ್ಲಿ ಹಾಕಿಗೆ ಬಂದದ್ದು ಮೂರೇ ತಂಡ: ಭಾರತ, ಜಪಾನ್, ಅಮೆರಿಕ. ನಮ್ಮವರು ಅಮೆರಿಕಕ್ಕೆ 24 ಗೋಲು ಹೊಡೆದರು. ಹಾಕಿ ಉಳಿಯಿತು. ಕ್ರಿಕೆಟ್‌ಗೆ ಕುತ್ತು ತರುತ್ತಿದ್ದದ್ದು ಆ ದುಡ್ಡಿನ ಬೇಲಿಯೇ. ಜಾಕ್ ಹಾಬ್ಸ್ ಇಲ್ಲದ, ಸಿಡ್ನಿ ಬಾರ್ನ್ಸ್ ಇಲ್ಲದ ಇಂಗ್ಲೆಂಡ್ ತಂಡವನ್ನು ಎಷ್ಟು ದಿನ ಅಂತ ಜನ ನೋಡುತ್ತಾರೆ? ಇಬ್ಬರೂ ಆ ಕಾಲದ ದೊಡ್ಡ ಆಟಗಾರರು, ಇಬ್ಬರೂ ಕೂಲಿಗೆ ಆಡುವವರು.

ಹಾಗಾಗಿ ಈಗ ನನ್ನ ಬೋರ್ಡಿನ ಮೇಲಿನ ಗೆರೆ ಹೀಗಿದೆ. 1908ರಿಂದ 1928ರವರೆಗೆ ಒಲಿಂಪಿಕ್ಸ್ ಕ್ರಿಕೆಟ್. ಆಮೇಲೆ ಜಗಳ, ಒಡಕು. 1930ರ ದಶಕದಲ್ಲಿ ಎಲ್ಲರೂ ಆಡಬಹುದಾದ ಕ್ರಿಕೆಟ್ ವಿಶ್ವಕಪ್, ಅಂದರೆ 1975ಕ್ಕಿಂತ 40 ವರ್ಷ ಮೊದಲು. ಆ ಇಪ್ಪತ್ತು ವರ್ಷದಲ್ಲಿ ಅಮೆರಿಕ, ನೆದರ್‌ಲ್ಯಾಂಡ್ಸ್, ಡೆನ್ಮಾರ್ಕ್, ಅರ್ಜೆಂಟೀನಾಗಳಲ್ಲಿ ಬೇರು ಇಳಿದಿರುತ್ತದೆ. ಈ ನಾಲ್ಕೂ ಕಡೆ ಆಗಲೇ ಕ್ಲಬ್ಬುಗಳಿದ್ದವು. ಬೇಕಿದ್ದದ್ದು ಆಡಲು ಒಂದು ಅಂಗಳ.

ವೆಸ್ಟ್ ಇಂಡೀಸ್ ಅನ್ನೋ ತಂಡ ಇರ್ತಿತ್ತಾ?

ಬಹುಶಃ ಇರುತ್ತಿರಲಿಲ್ಲ. ಇದೇ ಈ ಕವಲಿನ ದೊಡ್ಡ ನಷ್ಟ. ಒಲಿಂಪಿಕ್ಸ್‌ನಲ್ಲಿ ಜಮೈಕಾ ಬೇರೆ, ಟ್ರಿನಿಡಾಡ್ ಬೇರೆ, ಬಾರ್ಬಡೋಸ್ ಬೇರೆ. 1960ರ ರೋಮ್‌ನಲ್ಲಿ ಒಮ್ಮೆ ಮಾತ್ರ ಒಂದಾಗಿ ಹೋಗಿದ್ದರು. 1998ರ ಕ್ವಾಲಾಲಂಪುರ್ ಕಾಮನ್‌ವೆಲ್ತ್ ಕೂಟದಲ್ಲಿ ಕ್ರಿಕೆಟ್ ಇಟ್ಟಾಗ ಕೆರಿಬಿಯನ್ ದ್ವೀಪಗಳು ಬೇರೆ ಬೇರೆಯಾಗಿಯೇ ಆಡಿದವು. ಬೇರೆ ಬೇರೆ ದ್ವೀಪದವರು ಒಂದೇ ಟೋಪಿ ಹಾಕಿಕೊಂಡು ಆಡಿದ ಆ ತಂಡ ಕ್ರಿಕೆಟ್ ಕೊಟ್ಟ ಅತಿ ಚೆಂದದ ಸಂಗತಿಗಳಲ್ಲಿ ಒಂದು. ಅದಿಲ್ಲದ ಇತಿಹಾಸ ನನಗೆ ಬೇಡ ಅನಿಸಿದ ದಿನಗಳೂ ಇವೆ.

ದಕ್ಷಿಣ ಆಫ್ರಿಕಾದ ವರ್ಣಭೇದಕ್ಕೆ ಪೆಟ್ಟು ಬೇಗ ಬೀಳ್ತಿತ್ತಾ?

ಬೀಳುತ್ತಿತ್ತು. ಒಲಿಂಪಿಕ್ಸ್ ಅವರನ್ನು 1964ರಲ್ಲೇ ಹೊರಗಿಟ್ಟಿತು. ಕ್ರಿಕೆಟ್ ಅವರ ಜೊತೆ 1970ರವರೆಗೂ ಟೆಸ್ಟ್ ಆಡುತ್ತಲೇ ಇತ್ತು. ಆರು ವರ್ಷದ ವ್ಯತ್ಯಾಸ ಸಣ್ಣದಲ್ಲ.

ಕಾಳಿ ನದಿಯ ಆಚೆ ಗೋವಾದಲ್ಲೂ ಕ್ರಿಕೆಟ್ ಬೆಳೀತಿತ್ತಾ?

ಇದು ಸದಾಶಿವಗಡದವರ ಪ್ರಶ್ನೆ. ಮಾಜಾಳಿ ದಾಟಿದರೆ ಗೋವಾ. 1961ರವರೆಗೆ ಅಲ್ಲಿ ಪೋರ್ಚುಗೀಸರು. ಈಚೆ ಇಂಗ್ಲಿಷರ ಕ್ರಿಕೆಟ್, ಆಚೆ ಫುಟ್‌ಬಾಲ್. ಒಂದೇ ಕೊಂಕಣಿ, ಒಂದೇ ಮೀನು ಸಾರು, ಚೆಂಡು ಮಾತ್ರ ಬೇರೆ. ಯಾರ ಆಳ್ವಿಕೆ ಅನ್ನುವುದು ಮಕ್ಕಳ ಕೈಗೆ ಯಾವ ಚೆಂಡು ಬರುತ್ತದೆ ಅನ್ನುವುದನ್ನೂ ತೀರ್ಮಾನಿಸಿತು.

ಪೋರ್ಚುಗಲ್‌ನ ಪೋರ್ಟೊ ಊರಿನಲ್ಲಿ ವೈನ್ ವ್ಯಾಪಾರಕ್ಕೆ ಬಂದ ಇಂಗ್ಲಿಷರ ಹಳೆಯ ಕ್ರಿಕೆಟ್ ಕ್ಲಬ್ಬೊಂದು ಇದೆ. ಒಲಿಂಪಿಕ್ಸ್ ಪದಕದ ಆಸೆಗೆ ಪೋರ್ಚುಗೀಸರೂ ಆಡಲು ಶುರು ಮಾಡಿದ್ದರೆ, ಗೋವಾದ ಹುಡುಗರು ಲಿಸ್ಬನ್ ತಂಡಕ್ಕೆ, ಕಾರವಾರದವರು ಮುಂಬೈ ತಂಡಕ್ಕೆ. ಒಂದೇ ಮನೆತನದ ದಾಯಾದಿಗಳು ಎರಡು ದೇಶಕ್ಕೆ ಆಡುತ್ತಿದ್ದರು. ಮದುವೆ ಮನೆಯಲ್ಲಿ ಸೇರಿದಾಗ ಏನು ಮಾತಾಡಿಕೊಳ್ಳುತ್ತಿದ್ದರೋ!

2028ರಲ್ಲಿ ಹೇಗೂ ವಾಪಸ್ ಬರ್ತಿದೆಯಲ್ಲ? ಇನ್ನೂ ಈ ಕಥೆ ಯಾಕೆ?

2023ರ ಅಕ್ಟೋಬರಿನಲ್ಲಿ ಮುಂಬೈಯಲ್ಲಿ ನಡೆದ ಸಭೆಯಲ್ಲೇ ಅದು ತೀರ್ಮಾನವಾಯಿತು. ಲಾಸ್ ಏಂಜಲೀಸ್ ಒಲಿಂಪಿಕ್ಸ್, ಟಿ20, ಗಂಡಸರ ಆರು ತಂಡ, ಹೆಂಗಸರ ಆರು ತಂಡ. ಪ್ಯಾರಿಸ್ ಆಗಿ 128 ವರ್ಷ. ಈ ಸಲ ದುಡ್ಡು ಮುಟ್ಟಿದವರು ಹೊರಗೆ ಅನ್ನುವ ಬೇಲಿ ಇಲ್ಲ. ಆದರೆ ಆರೇ ತಂಡ ಅಂದಾಗ ನನಗೆ ಹಳೆಯ ಪಂಕ್ತಿ ನೆನಪಾಗುತ್ತದೆ. ನೇಪಾಳ, ನೆದರ್‌ಲ್ಯಾಂಡ್ಸ್, ಉಗಾಂಡಾದವರು ಎಲೆ ಹಾಕಿಸಿಕೊಳ್ಳುವುದು ಯಾವಾಗ? ಯಾರು ಒಳಗೆ, ಯಾರು ಹೊರಗೆ ಅನ್ನುವ ಪ್ರಶ್ನೆ ಮುಗಿದಿಲ್ಲ. ಅದಕ್ಕೇ ಈ ಕಥೆ.

ಆ ಬೇರೆ ಇತಿಹಾಸದಿಂದ ಒಂದೇ ಮ್ಯಾಚ್ ನೋಡ್ಲಿಕ್ಕೆ ಸಿಕ್ರೆ ಯಾವುದು ನೋಡ್ತೀರಿ ಅಕ್ಕೋರೇ?

1912ರ ಜುಲೈ, ಸ್ಟಾಕ್‌ಹೋಮ್. ಭಾರತ ಮತ್ತು ಅಮೆರಿಕ. ಆ ಕಡೆ ಬಾರ್ಟ್ ಕಿಂಗ್, ವಯಸ್ಸು 38. ಈ ಕಡೆ ಬಾಳೂ, 36. ಇಬ್ಬರೂ ದಿನವಿಡೀ ಬೌಲ್ ಮಾಡಬಲ್ಲವರು. ಆ ಊರಿನಲ್ಲಿ ಬೇಸಿಗೆ ಸಂಜೆ ತುಂಬ ಹೊತ್ತು ಬೆಳಕಿರುತ್ತದೆ, ಆಟಕ್ಕೆ ಆತುರವಿಲ್ಲ.

ಸ್ಕೋರ್ ನಾನೇ ಬರೆಯುತ್ತೇನೆ. ಚಹಾದ ಬಿಡುವಿಗೆ ಎರಡೂ ತಂಡ ಒಂದೇ ಉದ್ದ ಮೇಜಿಗೆ ಬರುತ್ತದೆ. ನಾನು ಪುಸ್ತಕ ಮುಚ್ಚಿಟ್ಟು ಬಾಗಿಲ ಹತ್ತಿರ ನಿಲ್ಲುತ್ತೇನೆ. ಬಾಳೂ ಎಲ್ಲಿ ಕೂರುತ್ತಾರೆ, ಅವರ ಪಕ್ಕದಲ್ಲಿ ಯಾರು ಕೂರುತ್ತಾರೆ, ಅವರ ಕೈಗೆ ಬಂದ ಕಪ್ಪು ಉಳಿದವರ ಕಪ್ಪಿನಂಥದ್ದೇ ಹೌದಾ ಅಂತ ನೋಡುತ್ತೇನೆ.